ಎರಡನೆಯ ಕೈ ಡೀಸೆಲ್ ಕಾರಿನ ಡಿಪಿಎಫ್ ದೀಪ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತಿದೆ: ತೆಗೆಸಬೇಕೇ, ತೊಳೆಸಬೇಕೇ?

ಹದಡಿ ರಸ್ತೆ:

ಎಲ್ಲರಿಗೂ ನಮಸ್ಕಾರ. ಕಳೆದ ದೀಪಾವಳಿಯ ಹೊತ್ತಿಗೆ ಬೆಂಗಳೂರಿನ ನೋಂದಣಿಯ, 2020ರ ಮಾದರಿಯ, ಒಂದೂವರೆ ಲೀಟರ್ ಇಂಜಿನ್ನಿನ ಬಿಎಸ್ 6 (ಹೊಗೆಯ ಮಾನದಂಡದ ಆರನೆಯ ಹಂತ) ಡೀಸೆಲ್ ಕಾರೊಂದನ್ನು ಎರಡನೆಯ ಮಾಲೀಕನಾಗಿ ಕೊಂಡೆ. ಆಗ ಅದು 71,000 ಕಿಲೋಮೀಟರ್ ಓಡಿತ್ತು. ಸರ್ವಿಸ್ ಪುಸ್ತಕದಲ್ಲಿ ಮೊದಲ ಮೂರು ವರ್ಷಗಳ ಮುದ್ರೆಗಳಿದ್ದವು. ಆಮೇಲಿನ ಪುಟಗಳು ಖಾಲಿ ಇದ್ದುದನ್ನು ನೋಡಿಯೂ ಕಾರಿನ ಬಣ್ಣಕ್ಕೆ ಮರುಳಾಗಿ ಸುಮ್ಮನಾದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಾನು ದಾವಣಗೆರೆಯಲ್ಲಿ ಶಾಲಾ ಶಿಕ್ಷಕ. ಮನೆಯಿಂದ ಶಾಲೆಗೆ ನಾಲ್ಕು ಕಿಲೋಮೀಟರ್, ಸಂಜೆ ಮಾರುಕಟ್ಟೆಗೆ ಇನ್ನೆರಡು. ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದರೆ ಅಲ್ಲಿಯೇ ಹತ್ತು ನಿಮಿಷ ಇಂಜಿನ್ ಸುಮ್ಮನೆ ಓಡುತ್ತಿರುತ್ತದೆ. ಕೊಂಡ ಆರನೆಯ ವಾರಕ್ಕೆ ಹೊಗೆಶೋಧಕದ, ಅಂದರೆ ಡಿಪಿಎಫ್‌ನ, ಹಳದಿ ದೀಪ ಹೊತ್ತಿಕೊಂಡಿತು. ಹೆದ್ದಾರಿಗೆ ಹೋಗಿ ಇಪ್ಪತ್ತು ನಿಮಿಷ ಓಡಿಸಿದರೆ ತಾನಾಗಿಯೇ ಆರುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ಒಂದು ಭಾನುವಾರ ಬೆಳಿಗ್ಗೆ ಚಿತ್ರದುರ್ಗದವರೆಗೆ ಹೋಗಿ ಬಂದೆ. ಹೆಬ್ಬಾಳು ಟೋಲ್ ದಾಟಿ ಭರಮಸಾಗರದ ವರೆಗೂ ಆರದಿದ್ದ ದೀಪ ದುರ್ಗದ ಹತ್ತಿರದ ಏರಿನಲ್ಲಿ ಆರಿತು. ಆದರೆ ಮಂಗಳವಾರ ಸಂಜೆ ಮತ್ತೆ ಹೊತ್ತಿತು. ಸಂಕ್ರಾಂತಿಯ ಮರುದಿನ ಹೀಗೆಯೇ ಇನ್ನೊಂದು ಸಲ ಹೋಗಿ ಬಂದೆ, ಆಗ ಆರಲೂ ಇಲ್ಲ. ಈಗ ಇಂಜಿನ್ ದೀಪವೂ ಜೊತೆಗೂಡಿದೆ, ಪಿಕಪ್ ಕುಗ್ಗಿದೆ, ಲೀಟರಿಗೆ 17 ಕೊಡುತ್ತಿದ್ದ ಕಾರು 13ಕ್ಕೆ ಇಳಿದಿದೆ. ಪರಿಚಯದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿದಾಗ ಪಿ 2463 ಎಂಬ ಕೋಡ್ ಬಂದಿತು.

ಅಧಿಕೃತ ಸರ್ವಿಸ್ ಕೇಂದ್ರವೊಂದರಲ್ಲಿ ಶೋಧಕವನ್ನೇ ಬದಲಿಸಬೇಕೆಂದು ಹೇಳಿ ಲಕ್ಷದ ಮೇಲಿನ ಅಂದಾಜುಪಟ್ಟಿ ಕೈಗಿತ್ತರು. ಇನ್ನೊಂದು ಗ್ಯಾರೇಜಿನವರು ಅದರ ಹೊಟ್ಟೆಯನ್ನು ಕೊರೆದು ಖಾಲಿ ಮಾಡಿ, ಕಂಪ್ಯೂಟರಿನಲ್ಲಿ ಅದರ ಲೆಕ್ಕವನ್ನೇ ಅಳಿಸಿಬಿಟ್ಟರೆ ಜನ್ಮಕ್ಕೆ ಕಾಟವಿಲ್ಲ, ಖರ್ಚು ಕಾಲುಭಾಗವೂ ಆಗದು ಎನ್ನುತ್ತಾರೆ. ಮೂರನೆಯವರು ಡೀಸೆಲ್ ಟ್ಯಾಂಕಿಗೆ ಹಾಕುವ ಔಷಧದ ಬಾಟಲಿ ಕೊಟ್ಟರು. ಎರಡು ಬಾಟಲಿ ಮುಗಿದರೂ ವ್ಯತ್ಯಾಸ ಕಾಣಲಿಲ್ಲ. ಯಾರ ಮಾತು ಕೇಳಲಿ? ಹೆದ್ದಾರಿಯಲ್ಲಿ 120 ಕಿಲೋಮೀಟರ್ ಓಡಿಸಿದರೂ ಉರಿಯದ ಮಸಿ ಇನ್ನು ಯಾವುದಕ್ಕೆ ಉರಿಯುತ್ತದೆ?

ದುರ್ಗದ ಗ್ಯಾರೇಜು:

ಮೇಷ್ಟ್ರೇ, ತಮ್ಮ ಕೊನೆಯ ಪ್ರಶ್ನೆಯಲ್ಲಿಯೇ ರೋಗದ ಜಾಡಿದೆ. ಮೂವರು ಕೊಟ್ಟ ಸಲಹೆಗಳಲ್ಲಿ ಒಂದೂ ಆ ಪ್ರಶ್ನೆಯನ್ನು ಕೇಳಿಲ್ಲ. ಪಿ 2463 ಎಂದರೆ ಶೋಧಕದಲ್ಲಿ ಮಸಿ ಮಿತಿಮೀರಿ ಕೂತಿದೆ ಎಂದಷ್ಟೇ ಅರ್ಥ. ಶೋಧಕ ಕೆಟ್ಟಿದೆ ಎಂದಲ್ಲ. ಚರಂಡಿ ತುಂಬಿದೆ ಎಂದು ಚರಂಡಿಯನ್ನೇ ಕಿತ್ತು ಹೊಸದು ಹಾಕಿದರೆ, ನೀರು ಮುಂದೆ ಹೋಗದಿರಲು ಕಾರಣವಾದದ್ದು ಹಾಗೆಯೇ ಉಳಿದಿರುತ್ತದೆ. ಹೊಸ ಶೋಧಕ ಹಾಕಿಸಿಕೊಂಡು ಆರು ತಿಂಗಳಿಗೆ ಅದೇ ದೀಪದೊಂದಿಗೆ ನನ್ನ ಬಳಿ ಬಂದ ಗಾಡಿಗಳನ್ನು ನಾನು ನೋಡಿದ್ದೇನೆ.

ಆ ಶೋಧಕ ಜೇನುಹುಟ್ಟಿನಂತಹ ಪಿಂಗಾಣಿಯ ಗೂಡು. ಅದರ ಸಣ್ಣ ಕೊಳವೆಗಳ ಒಂದೊಂದು ತುದಿಯನ್ನು ಸರದಿಯಂತೆ ಮುಚ್ಚಿರುತ್ತಾರಾದ್ದರಿಂದ ಹೊಗೆ ಗೋಡೆಯ ಮೂಲಕವೇ ತೂರಿಹೋಗಬೇಕು, ಮಸಿ ಈಚೆಯೇ ಉಳಿಯಬೇಕು. ಉಳಿದ ಮಸಿಯನ್ನು ಕಾರು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ. ದೀರ್ಘ ಪಯಣದಲ್ಲಿ ಹೊಗೆಯ ಶಾಖದಿಂದಲೇ ಸ್ವಲ್ಪ ಸ್ವಲ್ಪವಾಗಿ ಸುಡುವುದು ಒಂದು ಬಗೆ. ಅದು ಸಾಲದಾದಾಗ ಕಂಪ್ಯೂಟರು ತಾನೇ ಮುಂದಾಗಿ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಶೋಧಕದೊಳಗಿನ ಉಷ್ಣತೆಯನ್ನು ಸುಮಾರು 600 ಡಿಗ್ರಿಗೆ ಏರಿಸಿ ಸುಡುವುದು ಇನ್ನೊಂದು ಬಗೆ. ಈ ಎರಡನೆಯದು ಶುರುವಾಗಲು ಕೆಲವು ಷರತ್ತುಗಳಿವೆ: ಟ್ಯಾಂಕಿನಲ್ಲಿ ಡೀಸೆಲ್ ತಳ ಹಿಡಿದಿರಬಾರದು, ಸಂಬಂಧಪಟ್ಟ ಸೆನ್ಸರುಗಳಲ್ಲಿ ಬೇರೆ ದೋಷ ದಾಖಲಾಗಿರಬಾರದು, ಮುಖ್ಯವಾಗಿ ಇಂಜಿನ್ ತನ್ನ ಸರಿಯಾದ ಬಿಸಿಗೆ ಬಂದಿರಬೇಕು. ಷರತ್ತು ಪೂರೈಸದಿದ್ದರೆ ಚಿತ್ರದುರ್ಗವೇಕೆ, ಪುಣೆಯವರೆಗೆ ಹೋಗಿ ಬಂದರೂ ಮಸಿ ಉರಿಯುವುದಿಲ್ಲ.

ಆದ್ದರಿಂದ ಹಣ ಬಿಚ್ಚುವ ಮೊದಲು ನಾಲ್ಕು ಸಂಗತಿಗಳನ್ನು ಬರೆದುಕೊಂಡು ಬನ್ನಿ. ಬೆಳಿಗ್ಗೆ ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರುವಾಗ ಆಯಿಲ್ ಕಡ್ಡಿ ತೆಗೆದು ಮಟ್ಟ ನೋಡಿ. ಮೇಲಿನ ಗೆರೆಯನ್ನು ದಾಟಿದೆಯೇ, ಮೂಸಿದರೆ ಡೀಸೆಲ್ ವಾಸನೆ ಇದೆಯೇ ಎಂದು ತಿಳಿಸಿ. ಸ್ಟೀರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿಸಿ, ಹೆದ್ದಾರಿಯಲ್ಲಿ ಓಡುತ್ತಿರುವಾಗ ಕೂಲೆಂಟಿನ, ಅಂದರೆ ಇಂಜಿನ್ನನ್ನು ತಣಿಸುವ ದ್ರವದ, ಉಷ್ಣತೆ ಎಷ್ಟಿರುತ್ತದೆ ಎಂದು ಪಕ್ಕದಲ್ಲಿ ಕೂತವರಿಂದ ಓದಿಸಿ. ಶೋಧಕದ ಮುಂದಿನ ಮತ್ತು ಹಿಂದಿನ ಒತ್ತಡಗಳ ವ್ಯತ್ಯಾಸವನ್ನು ಅಳೆಯುವ ಸೆನ್ಸರು, ಇಂಜಿನ್ ಬಂದ್ ಇದ್ದು ಕೀ ಮಾತ್ರ ಹಾಕಿದಾಗ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಸೆನ್ಸರಿನದೋ ಅದಕ್ಕೆ ಹೋಗುವ ಎರಡು ರಬ್ಬರ್ ಪೈಪುಗಳದೋ ತಪ್ಪು ಇರುತ್ತದೆ. ಆ ಪೈಪು ಬಿರುಕುಬಿಟ್ಟದ್ದಕ್ಕೆ ಶೋಧಕವನ್ನೇ ಬದಲಿಸಿದ ಉದಾಹರಣೆಗಳೂ ಉಂಟು. ಕೊನೆಯದು, ಹಿಂದಿನ ಮಾಲೀಕರು ಯಾವ ಆಯಿಲ್ ಹಾಕಿಸುತ್ತಿದ್ದರು ಎಂಬುದು. ಇಂತಹ ಗಾಡಿಗೆ ಬೂದಿ ಕಡಿಮೆ ಬಿಡುವ ಆಯಿಲ್ ಬೇಕು. ಲಾರಿಗೆ ಹಾಕುವ 15ಡಬ್ಲ್ಯೂ-40 ಡಬ್ಬಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಸುರಿದರೆ ಅದರೊಳಗಿನ ಕ್ಯಾಲ್ಸಿಯಂ, ಸತುವು ಬೂದಿಯಾಗಿ ಶೋಧಕದಲ್ಲಿ ಕೂರುತ್ತವೆ. ಮಸಿ ಸುಟ್ಟುಹೋಗುತ್ತದೆ, ಬೂದಿ ಸುಡುವುದಿಲ್ಲ. ಆದರೂ 71,000 ಕಿಲೋಮೀಟರಿಗೆ ಬೂದಿಯೇ ತುಂಬಿತು ಎಂದರೆ ನಾನು ಸುಲಭವಾಗಿ ನಂಬುವುದಿಲ್ಲ.

ಬಾಟಲಿ ಔಷಧದ ಬಗ್ಗೆ ಒಂದೇ ಮಾತು. ಅದು ಮಸಿ ಉರಿಯುವ ಉಷ್ಣತೆಯನ್ನು ಕೊಂಚ ಇಳಿಸಬಲ್ಲದೇ ಹೊರತು, ಬೆಂಕಿಯನ್ನೇ ಹಚ್ಚದ ಒಲೆಯಲ್ಲಿ ಸೀಮೆಎಣ್ಣೆ ಇದ್ದರೂ ಅನ್ನ ಬೇಯುವುದಿಲ್ಲ.

ಮಂಡಿಪೇಟೆ:

ಇಷ್ಟೆಲ್ಲ ಶಾಸ್ತ್ರ ಏಕೆ ಎಂದು ನನಗೆ ತಿಳಿಯುವುದಿಲ್ಲ. ನನ್ನ ಗಾಡಿಯ ಡಿಪಿಎಫ್ ಅನ್ನು ಎರಡು ವರ್ಷದ ಹಿಂದೆ ಖಾಲಿ ಮಾಡಿಸಿದ್ದೇನೆ. ಹೊಗೆಯ ಒಂದಂಶವನ್ನು ಮರಳಿ ಇಂಜಿನ್ನಿಗೆ ಬಿಡುವ ಇಜಿಆರ್ ವಾಲ್ವಿಗೂ ಪಟ್ಟಿ ಹೊಡೆಸಿ ಮುಚ್ಚಿಸಿದ್ದೇನೆ. ದೀಪವಿಲ್ಲ, ಕೋಡಿಲ್ಲ, ಪಿಕಪ್ ಮೊದಲಿಗಿಂತ ಚೆನ್ನಾಗಿದೆ. ಲಾರಿಗಳು ಕಪ್ಪು ಹೊಗೆ ಉಗುಳುತ್ತ ಹೋಗುವ ಪಿ.ಬಿ. ರಸ್ತೆಯಲ್ಲಿ ನಮ್ಮ ಒಂದು ಕಾರಿನಿಂದ ಆಗುವ ಹಾನಿ ಎಷ್ಟು ಎಂದು ತಾವೇ ಯೋಚಿಸಿ. ವ್ಯಾಪಾರಸ್ಥರಿಗೆ ಗಾಡಿ ದಿನವೂ ನಡೆಯಬೇಕು, ಪ್ರಯೋಗ ಮಾಡಲು ಪುರುಸೊತ್ತು ಇರುವುದಿಲ್ಲ.

ಎಂಸಿಸಿ ಬಿ ಬ್ಲಾಕ್:

ಮಂಡಿಪೇಟೆಯವರ ಅನುಭವವನ್ನು ಸುಳ್ಳೆನ್ನುವುದಿಲ್ಲ. ಪಿಕಪ್ ಹೆಚ್ಚಿದಂತೆ ಅನ್ನಿಸುವುದು ನಿಜವೇ, ತುಂಬಿದ ಮೂಗನ್ನು ಕತ್ತರಿಸಿದರೂ ಉಸಿರು ಸರಾಗವಾಗುತ್ತದೆ. ಆದರೆ ಮೇಷ್ಟ್ರು ಈ ದಾರಿ ಹಿಡಿಯುವ ಮೊದಲು ಕಾನೂನಿನ ಕಡೆಗೂ ನೋಡಬೇಕು. ಕಂಪನಿ ಕೊಟ್ಟ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಡಿವಾಣ ಹಾಕುತ್ತದೆ. ಹೊಗೆಯ ಮಾನದಂಡ ಮೀರಿದ ವಾಹನ ಓಡಿಸಿದರೆ 2019ರ ತಿದ್ದುಪಡಿಯ ನಂತರ 190ನೆಯ ಕಲಮಿನಡಿ 10,000 ರೂಪಾಯಿಯ ವರೆಗೆ ದಂಡ ಅಥವಾ ಮೂರು ತಿಂಗಳ ವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಎಮಿಷನ್ ಕೇಂದ್ರದಲ್ಲಿ ಬಿಎಸ್ 4 ಡೀಸೆಲ್ ಗಾಡಿಗೆ ಹೊಗೆಯ ದಟ್ಟತೆಯ ಮಿತಿ ಮೀಟರಿಗೆ 1.62 ಇದ್ದರೆ ಬಿಎಸ್ 6 ಗಾಡಿಗೆ 0.7 ಮಾತ್ರ. ಶೋಧಕವಿಲ್ಲದ ಇಂಜಿನ್ನಿನ ಒಂದು ಇಂಜೆಕ್ಟರು ಸ್ವಲ್ಪ ಸೋರತೊಡಗಿದರೂ ಆ ಮಿತಿಯೊಳಗೆ ನಿಲ್ಲುವುದು ಕಷ್ಟ.

ಒಂದು ಕಾರಿನಿಂದ ಏನಾಗುತ್ತದೆ ಎಂಬ ಮಾತಿಗೆ ಬಂದರೆ, 2012ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಗಾಳಿಯ ಗುಣಮಟ್ಟದ ಮಾನದಂಡ ಮುಟ್ಟದ ನಗರಗಳೆಂದು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಕರ್ನಾಟಕದಲ್ಲಿ ಗುರುತಿಸಿದ ನಾಲ್ಕರಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಗಳ ಜೊತೆಗೆ ನಮ್ಮ ದಾವಣಗೆರೆಯೂ ಇದೆ. ಬಿಎಸ್ 4ರಿಂದ ಬಿಎಸ್ 6ಕ್ಕೆ ಬರುವಾಗ ಡೀಸೆಲ್ ಕಾರಿನ ಕಣಗಳ ಮಿತಿಯನ್ನು ಕಿಲೋಮೀಟರಿಗೆ 0.025 ಗ್ರಾಮಿನಿಂದ 0.0045 ಗ್ರಾಮಿಗೆ ಇಳಿಸಿದರು. ಆ ಇಳಿಕೆಯ ಭಾರವನ್ನೆಲ್ಲ ಹೊತ್ತಿರುವುದು ಈ ಒಂದು ಪಿಂಗಾಣಿ ಗೂಡು. ಅದನ್ನು ಕೊರೆದ ಮೇಲೆ ಗಾಡಿ ಪುಸ್ತಕದಲ್ಲಿ ಬಿಎಸ್ 6, ರಸ್ತೆಯಲ್ಲಿ ಇನ್ನೇನೋ ಆಗಿರುತ್ತದೆ. ಶಾಲೆಯ ಗೇಟಿನ ಮುಂದೆ ನಿಲ್ಲಿಸುವ ಕಾರು ಬೇರೆ.

ಹದಡಿ ರಸ್ತೆ:

ಉತ್ತರಿಸಿದ ಎಲ್ಲರಿಗೂ ವಂದನೆಗಳು. ದುರ್ಗದವರು ಹೇಳಿದಂತೆ ಈ ಭಾನುವಾರ ಬೆಳಿಗ್ಗೆ ನೋಡಿದೆ. ಆಯಿಲ್ ಮಟ್ಟ ಮೇಲಿನ ಗೆರೆಗಿಂತ ಹೆಚ್ಚುಕಡಿಮೆ ಒಂದು ಬೆರಳಗಲ ಮೇಲಿದೆ, ಡೀಸೆಲ್ ವಾಸನೆ ಸ್ಪಷ್ಟವಾಗಿದೆ. ಆಯಿಲ್ ಕಡಿಮೆಯಾದರೆ ಮಾತ್ರ ಹೆದರಬೇಕು ಎಂದುಕೊಂಡಿದ್ದವನಿಗೆ, ಹೆಚ್ಚಾದರೂ ಹೆದರಬೇಕು ಎಂಬುದು ಹೊಸ ಪಾಠ. ಕೀ ಹಾಕಿದಾಗ ಒತ್ತಡದ ವ್ಯತ್ಯಾಸ ಸೊನ್ನೆಯೇ ಇತ್ತು. ಆಯಿಲ್ ಯಾವುದೆಂದು ಮಾರಿದವರನ್ನು ಫೋನಿನಲ್ಲಿ ಕೇಳಿದಾಗ ತಮಗೆ ನೆನಪಿಲ್ಲ ಎಂದರು.

ಸೋಜಿಗವಾದದ್ದು ಕೂಲೆಂಟಿನ ಲೆಕ್ಕ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಐದು ನಿಮಿಷಕ್ಕೊಮ್ಮೆ ಬರೆಸಿದೆ. ಊರೊಳಗೆ ಸಿಗ್ನಲ್, ಗೇಟು ಎಂದು ತೆವಳುವಾಗ 79, 80, 81 ಡಿಗ್ರಿ ಇದ್ದದ್ದು, ಹೆದ್ದಾರಿ ಹತ್ತಿ ಆನಗೋಡು ಸಮೀಪಿಸುವಾಗ 68ಕ್ಕೆ ಇಳಿಯಿತು. 80ರ ವೇಗದಲ್ಲಿ ಹೋಗುತ್ತಿದ್ದಾಗ 66ರ ಆಸುಪಾಸಿನಲ್ಲಿಯೇ ನಿಂತಿತು. ವೇಗ ಹೆಚ್ಚಿದಂತೆ ಇಂಜಿನ್ ಬಿಸಿಯಾಗಬೇಕಲ್ಲವೇ? ಇದು ತಲೆಕೆಳಗಾಗಿದೆ. ಸ್ಕ್ಯಾನರಿನದೇ ತಪ್ಪೇ?

ಇನ್ನೊಂದು ಸಂಗತಿ ಆಗ ನೆನಪಾಯಿತು. ಶಾಲೆಗೆ ತಲುಪಿ ಕೀ ತೆಗೆದ ಮೇಲೂ ವಾರದಲ್ಲಿ ಎರಡು ಮೂರು ದಿನ ಮುಂದಿನ ಫ್ಯಾನು ಜೋರಾಗಿ ತಿರುಗುತ್ತಲೇ ಇರುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಬಿಸಿಲಿಗೆ ಇರಬಹುದೆಂದು ಬಿಟ್ಟಿದ್ದೆ.

ದುರ್ಗದ ಗ್ಯಾರೇಜು:

ಸ್ಕ್ಯಾನರಿನ ತಪ್ಪಲ್ಲ, ಮೇಷ್ಟ್ರೇ. ತಮ್ಮ ಮಗಳು ಬರೆದ ಆ ಚೀಟಿಯೇ ಲಕ್ಷ ರೂಪಾಯಿಯ ಅಂದಾಜುಪಟ್ಟಿಗಿಂತ ಬೆಲೆಯುಳ್ಳದ್ದು. ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಿದೆ. ಇಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡಿದ್ದು ಕೂಲೆಂಟನ್ನು ರೇಡಿಯೇಟರಿಗೆ ಬಿಡಬಾರದು, ಸರಿಯಾದ ಬಿಸಿ ಬಂದ ಮೇಲೆ ಬೇಕಾದಷ್ಟೇ ತೆರೆಯಬೇಕು. ಸದಾ ಬಾಗಿಲು ತೆರೆದಿದ್ದರೆ ಊರೊಳಗೆ ಗಾಳಿಯ ಹೊಡೆತ ಕಡಿಮೆಯಾದ್ದರಿಂದ ಹೇಗೋ 80 ಮುಟ್ಟುತ್ತದೆ. ಹೆದ್ದಾರಿಯಲ್ಲಿ ಎದುರುಗಾಳಿ ರೇಡಿಯೇಟರಿಗೆ ಬಡಿದು ಇಂಜಿನ್ನನ್ನು ತಣಿಸಿಬಿಡುತ್ತದೆ. ಹೀಗಾಗಿ ಮಸಿ ಸುಡುವ ಕ್ರಿಯೆ ಎಲ್ಲಿ ನಡೆಯಬೇಕೋ ಆ ಹೆದ್ದಾರಿಯಲ್ಲಿ ಅನುಮತಿ ಸಿಗುವುದಿಲ್ಲ, ಎಲ್ಲಿ ನಡೆಯಬಾರದೋ ಆ ಊರೊಳಗೆ ಶುರುವಾಗುತ್ತದೆ. ಮೊದಲ ಸಲ ದುರ್ಗದ ಏರಿನಲ್ಲಿ ಇಂಜಿನ್ನಿಗೆ ಭಾರ ಬಿದ್ದು ಸ್ವಲ್ಪ ಹೊತ್ತು ಬಿಸಿ ಏರಿದ್ದರಿಂದ ಅರ್ಧಂಬರ್ಧ ಸುಟ್ಟು ದೀಪ ಆರಿರಬೇಕು.

ಶಾಲೆಯ ಮುಂದೆ ತಿರುಗುವ ಫ್ಯಾನು ಅದೇ ಕತೆಯ ಇನ್ನೊಂದು ಭಾಗ. ಸುಡುವ ಕೆಲಸ ನಡುವೆ ಇರುವಾಗ ತಾವು ಕೀ ತೆಗೆಯುತ್ತೀರಿ. ಹೆಚ್ಚುವರಿಯಾಗಿ ಚಿಮ್ಮಿದ ಡೀಸೆಲ್‌ನ ಒಂದಂಶ ಸಿಲಿಂಡರಿನ ಗೋಡೆಯಗುಂಟ ಇಳಿದು ಆಯಿಲಿಗೆ ಸೇರುತ್ತದೆ. ಮರುದಿನ ಮತ್ತೆ ಮೊದಲಿನಿಂದ ಶುರು, ಮತ್ತೆ ಅರ್ಧಕ್ಕೆ ನಿಲುಗಡೆ. ಮೈಲೇಜು 13ಕ್ಕೆ ಇಳಿದದ್ದೂ, ಆಯಿಲ್ ಮಟ್ಟ ಏರಿದ್ದೂ ಇದರಿಂದಲೇ. ನೀರಾದ ಆಯಿಲ್ ಟರ್ಬೋದ ಬೇರಿಂಗಿಗೆ ಒಳ್ಳೆಯದಲ್ಲ. ಮಟ್ಟ ಇನ್ನೂ ಏರಿದರೆ ಇಂಜಿನ್ ಆ ಆಯಿಲನ್ನೇ ಉಸಿರಿನ ಪೈಪಿನಿಂದ ಎಳೆದುಕೊಂಡು, ಕೀ ತೆಗೆದರೂ ನಿಲ್ಲದೆ ಓಡಿ ಹಾಳಾಗುವ ಅಪಾಯವಿದೆ. ದಯವಿಟ್ಟು ಈ ಸ್ಥಿತಿಯಲ್ಲಿ ಇನ್ನೊಮ್ಮೆ ಹೆದ್ದಾರಿಗೆ ಹೋಗಬೇಡಿ.

ಕೆಲಸದ ಕ್ರಮ ಹೀಗಿರಲಿ. ಮೊದಲು ಥರ್ಮೋಸ್ಟಾಟ್ ಬದಲಿಸಿ ಕೂಲೆಂಟ್ ತುಂಬಿಸಿ. ಅದರ ಜೊತೆಗೇ ಹಳೆಯ ಆಯಿಲ್, ಫಿಲ್ಟರ್ ತೆಗೆಸಿ, ಮಾಲೀಕರ ಕೈಪಿಡಿಯಲ್ಲಿ ಬರೆದಿರುವ ಶ್ರೇಣಿಯ ಕಡಿಮೆ ಬೂದಿಯ ಆಯಿಲನ್ನೇ ಹಾಕಿಸಿ. ಡಬ್ಬಿಯ ಮೇಲಿನ ಶ್ರೇಣಿಯನ್ನು ಕೈಪಿಡಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಆಮೇಲೆ ಸ್ಕ್ಯಾನರಿನ ಮೂಲಕ ಬಲವಂತವಾಗಿ ಒಮ್ಮೆ ಮಸಿ ಸುಡಿಸಬೇಕು. ಗಾಡಿ ಬಯಲಿನಲ್ಲಿ, ಸಿಮೆಂಟು ನೆಲದ ಮೇಲೆ ನಿಂತಿರಲಿ. ಆ ಹೊತ್ತಿನಲ್ಲಿ ಕೆಳಗಿನ ಕೊಳವೆಯ ಬಿಸಿ ಎಷ್ಟಿರುತ್ತದೆ ಎಂದರೆ, ನಮ್ಮ ಕಡೆ ಒಕ್ಕಣೆಗೆಂದು ರಸ್ತೆಯಲ್ಲಿ ಹರವಿದ ಮೆಕ್ಕೆಜೋಳದ ಒಣ ಸೊಪ್ಪೆಯ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತಿಕೊಳ್ಳಲು ಸಾಕು. ಮಸಿಯ ಪ್ರಮಾಣ ಕಂಪನಿ ನಿಗದಿಪಡಿಸಿದ ಮಿತಿಯನ್ನು ಮೀರಿದ್ದರೆ ಸ್ಕ್ಯಾನರೇ ಒಪ್ಪುವುದಿಲ್ಲ. ಆಗ ಮಾತ್ರ ಶೋಧಕವನ್ನು ಕಳಚಿ ಯಂತ್ರದಲ್ಲಿ ತೊಳೆಸುವ ಮಾತು. ಹೊಸದು ಹಾಕಿಸುವ ಮಾತು ಅದಕ್ಕೂ ಆಚೆಯದು. ಸ್ಕ್ಯಾನರಿನಲ್ಲಿ ಮಸಿಯ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ ‘ಕ್ಲೀನ್ ಆಯಿತು’ ಎಂದು ಹಣ ಪಡೆಯುವವರೂ ಇದ್ದಾರೆ. ಕೆಲಸ ಮುಗಿದ ಮೇಲೆ ಒತ್ತಡದ ವ್ಯತ್ಯಾಸ ನಿಜವಾಗಿ ಇಳಿದಿದೆಯೇ ಎಂದು ನೋಡದೆ ಬರಬೇಡಿ.

ಹಿರಿಯೂರು ಕ್ರಾಸ್:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆಯಿರಲಿ. ನಾನೂ ಹಳೆಯ ಡೀಸೆಲ್ ಗಾಡಿ ಹುಡುಕುತ್ತಿದ್ದೇನೆ. ಇಂತಹ ದೋಷ ಕೊಳ್ಳುವ ಮೊದಲೇ ತಿಳಿಯುವ ಉಪಾಯವಿದೆಯೇ? ಜೊತೆಗೆ, ದೊಡ್ಡ ಗಾಡಿಗಳಲ್ಲಿ ಹಾಕುವ ನೀಲಿ ಮುಚ್ಚಳದ ಯೂರಿಯಾ ದ್ರಾವಣದಿಂದ ಈ ಮಸಿ ಕರಗುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?

ದುರ್ಗದ ಗ್ಯಾರೇಜು:

ಯೂರಿಯಾ ದ್ರಾವಣಕ್ಕೂ ಮಸಿಗೂ ಸಂಬಂಧವಿಲ್ಲ. ಅದು ಸಾರಜನಕದ ಆಕ್ಸೈಡುಗಳನ್ನು ಕಡಿಮೆ ಮಾಡಲು ಹೊಗೆಯೊಳಗೆ ಚಿಮ್ಮಿಸುವ, ಶೇಕಡ 32.5 ಯೂರಿಯಾ ಇರುವ ಶುದ್ಧ ನೀರು. ಅದಕ್ಕೆ ಬೇರೆ ಟ್ಯಾಂಕು ಇರುವ ಗಾಡಿಗೆ ಮಾತ್ರ ಅದು ಬೇಕು. ಮೇಷ್ಟ್ರ ಕಾರಿಗೆ ಆ ಟ್ಯಾಂಕೇ ಇಲ್ಲ. ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಪಂಪಿನಿಂದ ಇಂಜೆಕ್ಟರಿನವರೆಗೆ ಎಲ್ಲವೂ ಹೋಯಿತೆಂದೇ ತಿಳಿಯಿರಿ. ಅಂತಹ ಗಾಡಿ ಕೊಂಡರೂ ದ್ರಾವಣದ ಡಬ್ಬಗಳನ್ನು ಕೂಡಿಡಬೇಡಿ. 25 ಡಿಗ್ರಿಯಲ್ಲಿ ಒಂದೂವರೆ ವರ್ಷ ಬಾಳುವ ಅದು 35 ಡಿಗ್ರಿಯಲ್ಲಿ ಆರು ತಿಂಗಳಿಗೇ ಕೆಡುತ್ತದೆ. ಹಿರಿಯೂರಿನ ಬೇಸಿಗೆ ತಮಗೆ ನಾನು ಹೇಳಬೇಕಾಗಿಲ್ಲ.

ಕೊಳ್ಳುವಾಗ ನಾನು ಮೊದಲು ಮಾಡುವುದು ಸೈಲೆನ್ಸರಿನ ತುದಿಯೊಳಗೆ ಬೆರಳಾಡಿಸುವುದು. ಇಂಜಿನ್ ತಣ್ಣಗಿರುವಾಗ ಎಂದು ಹೇಳಬೇಕಾಗಿಲ್ಲ ತಾನೇ. ಸರಿಯಾದ ಶೋಧಕವಿರುವ ಗಾಡಿಯಲ್ಲಿ ಬೆರಳಿಗೆ ಧೂಳು ಹತ್ತಬಹುದು, ಕಾಡಿಗೆಯಂತಹ ಮಸಿ ಹತ್ತಬಾರದು. ಹತ್ತಿತೆಂದರೆ ಶೋಧಕ ಒಡೆದಿದೆ ಅಥವಾ ಯಾರೋ ಕೊರೆದಿದ್ದಾರೆ. ಎರಡನೆಯದಾಗಿ, ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಲೆಕ್ಕ ಸ್ಕ್ಯಾನರಿನಲ್ಲಿ ಸಿಗುತ್ತದೆ. ಮಾರುವವರು ಒಂದು ದೋಷವೂ ಇಲ್ಲ ಎನ್ನುತ್ತಿರುವಾಗ ಆ ಲೆಕ್ಕ ಕೇವಲ 12 ಕಿಲೋಮೀಟರ್ ತೋರಿಸಿದರೆ, ತಮ್ಮನ್ನು ಬರಮಾಡಿಕೊಳ್ಳುವ ಮುನ್ನ ಮನೆ ಗುಡಿಸಿದ್ದಾರೆ ಎಂದು ತಿಳಿಯಿರಿ. ಅರ್ಧ ಗಂಟೆ ಓಡಿಸಿ ಕೂಲೆಂಟಿನ ಉಷ್ಣತೆ ನೋಡಿ, ಆಯಿಲ್ ಕಡ್ಡಿ ತೆಗೆದು ಮೂಸಿ. ಇಷ್ಟಕ್ಕೆ ಒಪ್ಪದ ಮಾಲೀಕರ ಮನೆಯಲ್ಲಿ ಕಾಫಿ ಕುಡಿದು ಎದ್ದುಬರುವುದು ಲೇಸು. ಇನ್ನು ಒಮ್ಮೆಗೆ ನಾಲ್ಕು ಕಿಲೋಮೀಟರ್ ಮಾತ್ರ ಓಡಿಸುವವರು ಬಿಎಸ್ 6 ಡೀಸೆಲ್ ಏಕೆ ಕೊಳ್ಳಬೇಕು ಎಂದು ಕೇಳಿದರೆ ನನ್ನ ಬಳಿ ಉತ್ತರವಿಲ್ಲ, ಮೇಷ್ಟ್ರು ಬೇಸರಿಸಬಾರದು.

ಹದಡಿ ರಸ್ತೆ:

ಬೇಸರವಿಲ್ಲ, ಮನೆಯವರು ಅದನ್ನೇ ದಿನಕ್ಕೆರಡು ಬಾರಿ ಹೇಳುತ್ತಾರೆ. ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಥರ್ಮೋಸ್ಟಾಟ್ ತೆಗೆದಾಗ ಅದರ ಬಾಯಿ ತೆರೆದೇ ಇತ್ತು, ಬೆರಳಿನಿಂದ ಒತ್ತಿದರೂ ಮುಚ್ಚಲಿಲ್ಲ. ಹೊರಬಂದ ಆಯಿಲ್ ನೀರಿನಂತೆ ಹರಿಯಿತು. ಎಲ್ಲ ಬದಲಿಸಿ, ಗ್ಯಾರೇಜಿನ ಅಂಗಳದಲ್ಲಿ ಅರ್ಧ ಗಂಟೆ ಮಸಿ ಸುಡಿಸಿದರು. ಐಡಲ್‌ನಲ್ಲಿ ಒತ್ತಡದ ವ್ಯತ್ಯಾಸ ಮೊದಲಿದ್ದುದರ ಮೂರನೆಯ ಒಂದು ಭಾಗಕ್ಕೆ ಇಳಿಯಿತು. ಬಿಡಿಭಾಗ, ಆಯಿಲ್, ಕೂಲಿ ಸೇರಿ ಆದ ಖರ್ಚು ಶೋಧಕದ ಅಂದಾಜುಪಟ್ಟಿಯ ಹತ್ತನೆಯ ಒಂದು ಭಾಗಕ್ಕೂ ಕಡಿಮೆ.

ನಂತರ ದುರ್ಗಕ್ಕೆ ಹೋದಾಗ ಕೂಲೆಂಟು ಹೆಬ್ಬಾಳು ಟೋಲಿಗೆ ಮುಂಚೆಯೇ 88 ಮುಟ್ಟಿ, ಅಲ್ಲಿಂದ ಕದಲಲಿಲ್ಲ. ದೀಪಗಳೆರಡೂ ಆರಿವೆ, ಮೈಲೇಜು 16ಕ್ಕೆ ಮರಳಿದೆ. ಈಗ ಶಾಲೆಯ ಮುಂದೆ ಕೀ ತೆಗೆಯುವ ಮೊದಲು ಫ್ಯಾನಿನ ಸದ್ದು ಕೇಳಿಸಿಕೊಳ್ಳುತ್ತೇನೆ. ಜೋರಾಗಿದ್ದರೆ ಬೇಗ ಹೊರಟ ದಿನಗಳಲ್ಲಿ ಬಾತಿಯವರೆಗೆ ಒಂದು ಸುತ್ತು ಹಾಕಿ ಬರುತ್ತೇನೆ, ತಡವಾದ ದಿನ ಮುಖ್ಯೋಪಾಧ್ಯಾಯರ ಮುಖ ನೆನೆದು ಕೀ ತೆಗೆದುಬಿಡುತ್ತೇನೆ. ಆಯಿಲ್ ಕಡ್ಡಿಯನ್ನು ಮಾತ್ರ ಪ್ರತಿ ಭಾನುವಾರ ನೋಡುತ್ತಿದ್ದೇನೆ. ಮಟ್ಟ ಗೆರೆಯೊಳಗೇ ಇದೆ. ಇಜಿಆರ್ ವಾಲ್ವಿನಲ್ಲಿಯೂ ಮಸಿ ಕಟ್ಟಿದೆ, ಮುಂದಿನ ಸರ್ವಿಸಿನಲ್ಲಿ ತೆಗೆದು ತೊಳೆಯೋಣ ಎಂದು ಗ್ಯಾರೇಜಿನವರು ಹೇಳಿದ್ದಾರೆ. ಅದಕ್ಕೆ ಮುಂಚೆ ಇಲ್ಲಿಗೆ ಬಂದು ಕೇಳುತ್ತೇನೆ.